ಮತ್ತೆ ಮತ್ತೆ ಬೀಳುವ ಕನಸು

ದೇವದುರ್ಗ ತಾಲೂಕಿನ ಮಸರಕಲ್‌ನಂತಹ ಒಂದು ಊರಿನಲ್ಲಿ ಒಂದು ಮನೆಯಿದೆಯೆಂದು ಭಾವಿಸಿಕೊಳ್ಳಿ. ಮನೆಯ ಯಜಮಾನ ತೀರಿಕೊಂಡು ಎಂಟು ತಿಂಗಳಾಗಿದೆ. ಪತ್ನಿಯ ಇದ್ದತ್ ಮುಗಿದಿದೆ. ಎರೆ ಹೊಲದಲ್ಲಿ ಹತ್ತಿ ಬಿಡಿಸುವ ಕಾಲ. ಹಗಲೆಲ್ಲ ದುಡಿದು ಬಂದು ಮಲಗುವ ಆ ತಾಯಿಗೆ ಬೆಳಗಿನ ಜಾವದಲ್ಲಿ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತದೆ. ತೀರಿಹೋದ ಪತಿ ಹೊಸ್ತಿಲ ಹೊರಗೆ ಬಂದು ನಿಲ್ಲುತ್ತಾರೆ. ಒಳಗೆ ಬರುವುದಿಲ್ಲ, ಮಾತನಾಡುವುದಿಲ್ಲ. ಸ್ವಲ್ಪ ಹೊತ್ತು ನಿಂತು ಹೊಲದ ದಾರಿ ಹಿಡಿದು ಹೋಗಿಬಿಡುತ್ತಾರೆ.

ಆಕೆ ಇದನ್ನು ನೆರೆಮನೆಯವರ ಮುಂದೆ ಹೇಳುತ್ತಾರೆ. "ಬಾಗಿಲ ಮುಂದ ಬಂದು ನಿಂತಾರ ಅಂದ್ರ ಏನೋ ಕೇಳಾಕತ್ಯಾರ ಭಾಬಿ, ಸುಮ್ನ ಕುಂದರಬ್ಯಾಡ್ರಿ" ಎನ್ನುತ್ತಾರೆ ಒಬ್ಬರು. ಮನೆಯಿಂದ ಇನ್ನೊಬ್ಬರನ್ನು ಕರೆದೊಯ್ಯಲು ಬಂದಿದ್ದಾರೆ ಎಂದು ಮತ್ತೊಬ್ಬರು ಹೆದರಿಸುತ್ತಾರೆ. ಮೂರನೆಯವರಿಗೆ ಖ್ವಾಬಿನ ತಾಬೀರ್ ಹೇಳುವವನೊಬ್ಬನ ಪರಿಚಯವಿದೆ. ಅವನ ಬಳಿ ಹೋದರೆ ತಾಯಿತಕ್ಕೆ, ಕೋಳಿಗೆ, ಅವನ ಕಾಣಿಕೆಗೆ ಎಂದು ಹತ್ತಿ ಮಾರಿದ ಹಣದಲ್ಲಿ ಒಂದು ಪಾಲು ಕೈಬಿಟ್ಟು ಹೋಗುತ್ತದೆ.

ಪ್ರಿಯ ಓದುಗರೇ, ಇಂತಹ ಮನೆ ನಿಮ್ಮ ಬೀದಿಯಲ್ಲೂ ಇರಬಹುದು. ನಿಮ್ಮದೇ ಆಗಿರಲೂಬಹುದು. ಆ ತಾಯಿ ಈಗ ಏನು ಮಾಡಬೇಕು? ಕನಸನ್ನು ಕಡೆಗಣಿಸಬೇಕೇ? ಅದಕ್ಕೆ ಹೆದರಬೇಕೇ? ಅಥವಾ ಅದರಿಂದ ಏನನ್ನಾದರೂ ಕಲಿಯಬಹುದೇ? ಈ ಪಾಠದಲ್ಲಿ ಅದನ್ನು ನೋಡೋಣ.

ಮೂರು ವಿಧದ ಕನಸುಗಳು

ನಿದ್ರೆಯು ಅಲ್ಲಾಹನ ನಿದರ್ಶನಗಳಲ್ಲೊಂದೆಂದು ಪವಿತ್ರ ಕುರ್‌ಆನ್ ಹೇಳುತ್ತದೆ (30:23). ನಿದ್ರೆಯಲ್ಲಿ ಆತ್ಮಗಳನ್ನು ವಶಪಡಿಸಿಕೊಂಡು, ಅವಧಿ ತೀರದವರ ಆತ್ಮವನ್ನು ಮರಳಿ ಕಳುಹಿಸುವವನು ಅವನೇ ಎಂದೂ ಹೇಳುತ್ತದೆ (39:42). ಆದ್ದರಿಂದ ಇಸ್ಲಾಮ್ ಕನಸನ್ನು ಕೇವಲ ಹಾಸ್ಯದ ವಸ್ತುವೆಂದು ತಳ್ಳಿಹಾಕಿಲ್ಲ. ಆದರೆ ಎಲ್ಲ ಕನಸುಗಳನ್ನೂ ದೇವಸಂದೇಶವೆಂದು ತಲೆಯ ಮೇಲೆ ಹೊತ್ತುಕೊಳ್ಳಲೂ ಅದು ಕಲಿಸಿಲ್ಲ.

ಕನಸುಗಳಲ್ಲಿ ಮೂರು ವಿಧಗಳಿವೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಒಂದು, ಅಲ್ಲಾಹನ ಕಡೆಯಿಂದ ಬರುವ ಶುಭವಾರ್ತೆ. ಎರಡು, ಮನುಷ್ಯನನ್ನು ದುಃಖಕ್ಕೀಡು ಮಾಡಲು ಶೈತಾನನು ತರುವ ಕನಸು. ಮೂರು, ಮನುಷ್ಯನು ತನ್ನೊಳಗೆ ತಾನೇ ಆಡಿಕೊಳ್ಳುವ ಮಾತು ಕನಸಾಗಿ ಕಾಣಿಸುವುದು (ಮುಸ್ಲಿಮ್). ಈ ಮೂರನೆಯ ವಿಧವನ್ನು ನಾವು ಹೆಚ್ಚಾಗಿ ಮರೆತುಬಿಡುತ್ತೇವೆ. ಕನಸು ಬಿದ್ದೊಡನೆ ಅದು ಒಂದೋ ಬಶಾರತ್, ಇಲ್ಲವೇ ಆಪತ್ತು ಎಂದು ತೀರ್ಮಾನಿಸುತ್ತೇವೆ. ಹಗಲಿಡೀ ನಮ್ಮ ಮನಸ್ಸು ಕಟ್ಟಿಕೊಂಡ ಗಂಟನ್ನೇ ರಾತ್ರಿ ಬಿಚ್ಚಿ ನೋಡುತ್ತಿರಬಹುದು ಎಂಬುದು ನಮಗೆ ಹೊಳೆಯುವುದೇ ಇಲ್ಲ.

ಉತ್ತಮ ಕನಸು ಪ್ರವಾದಿತ್ವದ ನಲವತ್ತಾರು ಅಂಶಗಳಲ್ಲೊಂದು ಎಂಬ ಪ್ರಸಿದ್ಧ ಹದೀಸ್ ಇದೆ (ಬುಖಾರಿ, ಮುಸ್ಲಿಮ್). ಅದರ ಜೊತೆಗೇ ಇನ್ನೊಂದು ಮಾತನ್ನೂ ಪ್ರವಾದಿವರ್ಯರು(ಸ) ಹೇಳಿದ್ದಾರೆ. ಯಾರ ಮಾತು ಹೆಚ್ಚು ಸತ್ಯವಾಗಿರುವುದೋ ಅವರ ಕನಸೂ ಹೆಚ್ಚು ಸತ್ಯವಾಗಿರುತ್ತದೆ (ಮುಸ್ಲಿಮ್). ಅಂದರೆ ಕನಸಿನ ಬೆಲೆ ಹಗಲಿನ ನಡತೆಯೊಂದಿಗೆ ತಳಕು ಹಾಕಿಕೊಂಡಿದೆ. ಅಂಗಡಿಯ ತಕ್ಕಡಿಯಲ್ಲಿ ಮೋಸ ಮಾಡುವವನು ರಾತ್ರಿ ಕಂಡದ್ದಕ್ಕೆ ದೊಡ್ಡ ಅರ್ಥ ಹುಡುಕುವುದರಲ್ಲಿ ಹುರುಳಿಲ್ಲ.

ಕನಸು ಏಕೆ ಮರೆತುಹೋಗುತ್ತದೆ?

"ಏನೋ ಕಂಡೆ, ಆದರೆ ನೆನಪಿಲ್ಲ" ಎನ್ನುವುದು ಎಲ್ಲರ ಅನುಭವ. ಇದಕ್ಕೆ ಕಾರಣವನ್ನು ವಿಜ್ಞಾನಿಗಳು ಸ್ವಲ್ಪಮಟ್ಟಿಗೆ ಕಂಡುಕೊಂಡಿದ್ದಾರೆ. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾನಿಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಎಂಬವರು ಒಂದು ಸಂಗತಿಯನ್ನು ಪ್ರಕಟಿಸಿದರು. ನಿದ್ರೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುತ್ತವೆ. ಆ ಹೊತ್ತಿನಲ್ಲಿ ಎಬ್ಬಿಸಿದರೆ ಹೆಚ್ಚಿನವರು ತಾವು ಕನಸು ಕಾಣುತ್ತಿದ್ದೆವೆಂದು ಹೇಳುತ್ತಾರೆ. ಈ ಹಂತವು ಸುಮಾರು 90 ನಿಮಿಷಗಳಿಗೊಮ್ಮೆ ಮರಳಿ ಬರುತ್ತದೆ. ರಾತ್ರಿಯ ಆರಂಭದಲ್ಲಿ ಅದು ಚಿಕ್ಕದು, ಬೆಳಗಾಗುತ್ತಾ ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ಹೆಚ್ಚು ನೆನಪಿನಲ್ಲಿ ಉಳಿಯುವುದಕ್ಕೆ ಇದೇ ಕಾರಣ.

ಆ ಹಂತದಲ್ಲಿ ಮೆದುಳು ಹೊಸ ನೆನಪುಗಳನ್ನು ಭದ್ರವಾಗಿ ದಾಖಲಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಎದ್ದ ಕೂಡಲೇ ಗಡಿಬಿಡಿಯಿಂದ ಹಾಲು, ಒಲೆ, ಬಸ್ಸು ಎಂದು ಓಡತೊಡಗಿದರೆ ಕೆಲವೇ ನಿಮಿಷಗಳಲ್ಲಿ ಕನಸು ಅಳಿಸಿಹೋಗುತ್ತದೆ. ಎಚ್ಚರವಾದ ಮೇಲೆ ಒಂದು ಕ್ಷಣ ಅಲುಗಾಡದೆ ಮಲಗಿದ್ದು, ಕೊನೆಯ ದೃಶ್ಯದಿಂದ ಹಿಂದಕ್ಕೆ ಹೋದರೆ ಉಳಿದದ್ದೂ ನೆನಪಾಗುತ್ತದೆ.

ಫಜ್ರ್ ನಮಾಝ್ ಮುಗಿಸಿ ಪ್ರವಾದಿವರ್ಯರು(ಸ) ಸಹಾಬಿಗಳ ಕಡೆ ಮುಖಮಾಡಿ ಕುಳಿತು, ಕಳೆದ ರಾತ್ರಿ ಯಾರಾದರೂ ಕನಸು ಕಂಡಿರಾ ಎಂದು ವಿಚಾರಿಸುತ್ತಿದ್ದರೆಂದು ಹಝ್ರತ್ ಸಮುರಾ ಬಿನ್ ಜುಂದುಬ್(ರ) ವರದಿ ಮಾಡಿದ್ದಾರೆ (ಬುಖಾರಿ). ಕನಸು ಮನಸ್ಸಿನಲ್ಲಿ ಇನ್ನೂ ತಾಜಾ ಇರುವ ಹೊತ್ತು ಅದು. ನಂಬಿಗಸ್ತ ಮಾರ್ಗದರ್ಶಕರ ಮುಂದೆ ಅದನ್ನು ತೆರೆದಿಡುವ ಆ ಸಭೆಯಲ್ಲಿ ಭಯವಿರಲಿಲ್ಲ, ವ್ಯಾಪಾರವೂ ಇರಲಿಲ್ಲ.

ಮರುಕಳಿಸುವ ವಿಷಯಗಳು

ಒಂದು ಕನಸಿಗಿಂತ ಮರುಕಳಿಸುವ ಕನಸು ಮನುಷ್ಯನನ್ನು ಹೆಚ್ಚು ಕಾಡುತ್ತದೆ. ಯಾರೋ ಬೆನ್ನಟ್ಟಿ ಬರುವುದು, ಎತ್ತರದಿಂದ ಬೀಳುವುದು, ಹಲ್ಲು ಉದುರುವುದು, ಪರೀಕ್ಷೆಗೆ ತಡವಾಗುವುದು, ತೀರಿಹೋದವರು ಜೀವಂತವಾಗಿ ಕಾಣಿಸುವುದು. ನಿಮ್ಮ ಮನೆಯಲ್ಲಿ ವಿಚಾರಿಸಿ ನೋಡಿ, ಇವುಗಳಲ್ಲಿ ಒಂದಾದರೂ ಕಾಣದವರು ಸಿಗುವುದು ಕಷ್ಟ. 1958ರಲ್ಲಿ ಜಪಾನ್ ಮತ್ತು ಅಮೆರಿಕದ ವಿದ್ಯಾರ್ಥಿಗಳ ಕನಸುಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದರಲ್ಲಿ, ಭಾಷೆ, ಧರ್ಮ, ಆಹಾರ ಎಲ್ಲವೂ ಬೇರೆಯಾಗಿದ್ದರೂ ಇಂತಹ ಸಾಮಾನ್ಯ ಕನಸುಗಳಲ್ಲಿ ಬಹಳಷ್ಟು ಹೋಲಿಕೆ ಕಂಡುಬಂದಿತು. ಹಾಗಿರುವಾಗ ಹಲ್ಲು ಉದುರಿದ ಕನಸು ನಿಮ್ಮ ಮನೆಯೊಂದಕ್ಕೇ ಬಂದ ಮರಣದ ನೋಟೀಸು ಹೇಗಾದೀತು?

ಸಾವಿರಾರು ಜನರ ಕನಸುಗಳನ್ನು ಸಂಗ್ರಹಿಸಿ ಪರಿಶೀಲಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ಯಾಲ್ವಿನ್ ಹಾಲ್ ಒಂದು ನಿರ್ಣಯಕ್ಕೆ ಬಂದರು. ಒಬ್ಬ ವ್ಯಕ್ತಿಯ ಕನಸುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವನ ಹಗಲಿನ ಚಿಂತೆ, ಆಸೆ, ಸಂಬಂಧಗಳೇ ಅಲ್ಲಿ ಮುಂದುವರಿಯುತ್ತಿರುತ್ತವೆ. ಒಂದೇ ಕನಸಿನಿಂದ ಏನೂ ತಿಳಿಯದು, ಸಾಲಿನಿಂದ ತಿಳಿಯುತ್ತದೆ. ಹದೀಸ್‌ನಲ್ಲಿ ಬಂದಿರುವ ಮೂರನೆಯ ವಿಧವನ್ನು, ಅಂದರೆ ಮನುಷ್ಯನು ತನ್ನೊಡನೆ ಆಡಿಕೊಳ್ಳುವ ಮಾತನ್ನು, ಇದು ನೆನಪಿಗೆ ತರುತ್ತದೆ.

ಹಾಗಾದರೆ ಮರುಕಳಿಸುವಿಕೆಗೆ ಬೆಲೆಯೇ ಇಲ್ಲವೇ? ಇದೆ. ಲೈಲತುಲ್ ಕದ್ರ್ ರಮಝಾನಿನ ಕೊನೆಯ ಏಳು ರಾತ್ರಿಗಳಲ್ಲಿದೆಯೆಂದು ಹಲವು ಸಹಾಬಿಗಳಿಗೆ ಕನಸು ಬಿದ್ದಾಗ, ನಿಮ್ಮ ಕನಸುಗಳು ಒಂದರೊಡನೊಂದು ಹೊಂದಿಕೆಯಾಗುತ್ತಿವೆ, ಆದ್ದರಿಂದ ಅದನ್ನು ಆ ಏಳು ರಾತ್ರಿಗಳಲ್ಲಿ ಹುಡುಕಿರಿ ಎಂಬರ್ಥದ ಮಾತನ್ನು ಪ್ರವಾದಿವರ್ಯರು(ಸ) ಹೇಳಿದರು (ಬುಖಾರಿ, ಮುಸ್ಲಿಮ್). ಮಗನನ್ನು ಬಲಿಯರ್ಪಿಸುವ ಕನಸನ್ನು ಹಝ್ರತ್ ಇಬ್ರಾಹೀಮ್(ಅ) ಒಂದಕ್ಕಿಂತ ಹೆಚ್ಚು ರಾತ್ರಿ ಕಂಡರೆಂದು ಕೆಲವು ತಫ್ಸೀರ್‌ಕಾರರು ಬರೆದಿದ್ದಾರೆ. ಆದರೆ ಅವರು ಪ್ರವಾದಿ. ಪ್ರವಾದಿಗಳ ಕನಸು ದಿವ್ಯವಾಣಿ. ನಮ್ಮ ಕನಸುಗಳಿಗೆ ಆ ಸ್ಥಾನವಿಲ್ಲ. ನಮ್ಮ ಪಾಲಿಗೆ ಮರುಕಳಿಸುವ ಕನಸು ಹೆಚ್ಚೆಂದರೆ ಬಾಗಿಲು ತಟ್ಟುವ ಸದ್ದು. ಹೊರಗೆ ಯಾರಿದ್ದಾರೆಂದು ಎದ್ದು ನೋಡುವ ಕೆಲಸ ಎಚ್ಚರವಿರುವ ಬುದ್ಧಿಯದು.

ಶ್ರೀರಂಗಪಟ್ಟಣದ ಕನಸಿನ ಪುಸ್ತಕ

ನಮ್ಮ ನಾಡಿನಲ್ಲಿ ಕನಸುಗಳನ್ನು ನೆನಪಿಟ್ಟು ಬರೆದಿಟ್ಟವರಲ್ಲಿ ಅತ್ಯಂತ ಪ್ರಸಿದ್ಧರು ಟಿಪ್ಪು ಸುಲ್ತಾನರು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡು ಅವರು ಹುತಾತ್ಮರಾದ ಬಳಿಕ, ಅರಮನೆಯಲ್ಲಿ ಅವರದೇ ಕೈಬರಹದ ಒಂದು ಫಾರಸಿ ಪುಸ್ತಕ ಕರ್ನಲ್ ವಿಲಿಯಮ್ ಕರ್ಕ್‌ಪ್ಯಾಟ್ರಿಕ್ ಎಂಬ ಅಧಿಕಾರಿಗೆ ಸಿಕ್ಕಿತು. ಅದರಲ್ಲಿ 37 ಕನಸುಗಳು ದಾಖಲಾಗಿದ್ದವು. ಸುಲ್ತಾನರ ಮುನ್ಷಿ ಹಬೀಬುಲ್ಲಾ ಆಗ ಅಲ್ಲೇ ಇದ್ದರು. ಇಂತಹ ಪುಸ್ತಕವಿದೆಯೆಂದು ಅವರಿಗೆ ಗೊತ್ತಿತ್ತು, ಆದರೆ ಒಳಗೇನಿದೆಯೆಂದು ಎಂದೂ ನೋಡಿರಲಿಲ್ಲ. ಸುಲ್ತಾನರು ಅದನ್ನು ಓದುವಾಗಲೋ ಬರೆಯುವಾಗಲೋ ಯಾರಾದರೂ ಹತ್ತಿರ ಬಂದರೆ ಮರೆಮಾಡಿಬಿಡುತ್ತಿದ್ದರಂತೆ. 1800ರಲ್ಲಿ ಪುಸ್ತಕವು ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕರ ಕೈಸೇರಿತು. ಇಂದು ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಮಹ್ಮೂದ್ ಹುಸೈನ್ ಎಂಬ ವಿದ್ವಾಂಸರು ಮಾಡಿದ ಇಂಗ್ಲಿಷ್ ಅನುವಾದ ಕರಾಚಿಯಲ್ಲಿ 1957ರಲ್ಲಿ ಪ್ರಕಟವಾಯಿತು. ಗಿರೀಶ್ ಕಾರ್ನಾಡರು ಈ ಕನಸುಗಳನ್ನು ಆಧರಿಸಿ ನಾಟಕವನ್ನೂ ರಚಿಸಿದರು.

ಆ ಪುಸ್ತಕದಲ್ಲಿ ಏನು ಮರುಕಳಿಸುತ್ತದೆ? 1785ರಿಂದ ಆಳ್ವಿಕೆಯ ಕೊನೆಯ ವರ್ಷಗಳವರೆಗಿನ ಆ ಕನಸುಗಳಲ್ಲಿ ಇಂಗ್ಲಿಷರು, ಮರಾಠರು, ನಿಜಾಮ, ಯುದ್ಧ, ಜಯ ಇವು ಮತ್ತೆ ಮತ್ತೆ ಬರುತ್ತವೆ. ಮಹಾತ್ಮರ ದರ್ಶನಗಳಿವೆ. ಬೆಳ್ಳಿಯ ಮೂರು ತಟ್ಟೆಗಳಲ್ಲಿ ತಾಜಾ ಖರ್ಜೂರಗಳು ಬರುತ್ತವೆ. ಚೀನಾದ ದೊರೆಯ ಕಡೆಯಿಂದ ಬಿಳಿ ಆನೆ ಬರುತ್ತದೆ. ಒಂದು ಕನಸಿನಲ್ಲಿ ಅವರು ಶಿಥಿಲವಾದ ದೇಗುಲವೊಂದನ್ನು ಕಂಡು ಅದರ ದುರಸ್ತಿಗೆ ಆಜ್ಞಾಪಿಸುತ್ತಾರೆ. 1786ರಲ್ಲಿ ಸವಣೂರಿನ ಬಳಿ ಮರಾಠಾ ಸೇನೆಯ ಮೇಲೆರಗುವ ಮುನ್ನ ಕಂಡ ಒಂದು ಕನಸಿನಲ್ಲಿ, ಪುರುಷ ವೇಷದಲ್ಲಿ ಬಂದವರು ಸ್ತ್ರೀಯಾಗಿ ಕಾಣಿಸುತ್ತಾರೆ. ಶತ್ರುಗಳು ರಣರಂಗದಲ್ಲಿ ನಿಲ್ಲಲಾರರೆಂದು ಸುಲ್ತಾನರು ಅದಕ್ಕೆ ತಾವೇ ಅರ್ಥ ಬರೆದುಕೊಂಡರು. ಆ ದಾಳಿಯಲ್ಲಿ ಅವರಿಗೆ ಜಯವೂ ಆಯಿತು.

ಆದರೆ ಇನ್ನೊಂದು ಪುಟವನ್ನೂ ನಾವು ನೋಡಬೇಕು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವರು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು, ಇಬ್ಬರು ಪುತ್ರರನ್ನು ಒತ್ತೆಯಿಡಬೇಕಾಯಿತು. ಏಳು ವರ್ಷಗಳ ಬಳಿಕ ರಾಜ್ಯವೂ ಪ್ರಾಣವೂ ಹೋಯಿತು. ಕನಸಿನಲ್ಲಿ ಕಂಡ ಜಯವು ಎಚ್ಚರದ ಜಗತ್ತಿನ ಜಯವಾಗಲಿಲ್ಲ. ಇದನ್ನು ಅವರನ್ನು ಹೀನಾಯಿಸಲು ಹೇಳುತ್ತಿಲ್ಲ. ಸುತ್ತ ಮೂರು ಶಕ್ತಿಗಳು ಒಂದಾಗಿ ಎರಗುತ್ತಿದ್ದಾಗ ಒಬ್ಬ ಆಡಳಿತಗಾರನ ಹೃದಯವನ್ನು ಯಾವುದು ಹಗಲಿರುಳು ಸುಡುತ್ತಿತ್ತು ಎಂಬುದಕ್ಕೆ ಆ 37 ಕನಸುಗಳು ಕನ್ನಡಿ ಹಿಡಿಯುತ್ತವೆ. ಆದರೆ ನಾಳೆ ಏನಾಗುವುದೆಂದು ಆ ಕನ್ನಡಿ ತೋರಿಸಲಿಲ್ಲ. ಒಬ್ಬ ಸುಲ್ತಾನನ ಕನಸೇ ಹೀಗಾದರೆ ನಮ್ಮ ನಿಮ್ಮ ಕನಸಿನ ಮೇಲೆ ಮನೆಯ ಭವಿಷ್ಯ ಕಟ್ಟುವುದು ಸರಿಯೇ?

ಯೂಸುಫ್(ಅ) ಕಲಿಸಿದ ವಿಧಾನ

ಕನಸಿನಿಂದ ಲಾಭ ಪಡೆಯುವ ಸರಿಯಾದ ವಿಧಾನವನ್ನು ಕುರ್‌ಆನಿನ 12ನೇ ಅಧ್ಯಾಯ ತೋರಿಸುತ್ತದೆ. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿನ್ನುತ್ತವೆ. ಏಳು ಹಸಿರು ತೆನೆಗಳು, ಇನ್ನು ಕೆಲವು ಒಣಗಿದವು. ಈಜಿಪ್ಟಿನ ದೊರೆ ಕಂಡ ಈ ಕನಸಿನಲ್ಲಿ ಏಳು ಎಂಬ ಸಂಖ್ಯೆಯೂ ಸಮೃದ್ಧಿ ಮತ್ತು ಬರದ ಚಿತ್ರವೂ ಮರುಕಳಿಸುತ್ತವೆ. ಆಸ್ಥಾನಿಕರು ಇದು ಗೊಂದಲದ ಕನಸೆಂದು ಕೈಬಿಟ್ಟರು (12:44). ಯೂಸುಫ್(ಅ) ಏನು ಮಾಡಿದರು? ಸೆರೆಮನೆಯಿಂದಲೇ ಅದರ ಅರ್ಥ ಹೇಳಿದರು. ಅರ್ಥ ಹೇಳಿ ನಿಲ್ಲಿಸಲಿಲ್ಲ, ಮಾಡಬೇಕಾದ ಕೆಲಸವನ್ನೂ ಹೇಳಿದರು. ಏಳು ವರ್ಷ ಸತತ ಬಿತ್ತಿರಿ, ತಿನ್ನುವಷ್ಟನ್ನು ಮಾತ್ರ ತೆಗೆದು ಉಳಿದ ಧಾನ್ಯವನ್ನು ತೆನೆಯಲ್ಲೇ ಬಿಡಿ ಎಂಬುದು ಅವರ ಸಲಹೆಯ ಸಾರ (12:47).

ರಾಯಚೂರು ಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬರದ ದಿನಗಳಿಗಾಗಿ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಿರಿಯರ ನಾಡಿದು. ತಾಯಿತವಿಲ್ಲ, ಮಂತ್ರವಿಲ್ಲ, ಬಲಿಯಿಲ್ಲ. ಉಳುಮೆ, ಉಳಿತಾಯ, ದಾಸ್ತಾನು, ನ್ಯಾಯವಾದ ಹಂಚಿಕೆ. ಒಂದು ಕನಸು ಒಂದು ದೇಶದ ಹೊಟ್ಟೆ ತುಂಬಿಸಿದ್ದು ಹೀಗೆ. ಯಾವ ತಾಬೀರ್ ನಿಮ್ಮನ್ನು ಒಂದು ಒಳ್ಳೆಯ ಕೆಲಸದ ಕಡೆಗೆ ನಡೆಸುವುದಿಲ್ಲವೋ, ಕೇವಲ ಭಯದ ಕಡೆಗೆ ಮತ್ತು ಹೇಳುವವನ ಜೇಬಿನ ಕಡೆಗೆ ನಡೆಸುವುದೋ, ಅದು ಯೂಸುಫ್(ಅ)ರ ದಾರಿಯಲ್ಲ.

ಕನಸು ಪುರಾವೆಯಲ್ಲ

ಇಲ್ಲಿ ಒಂದು ಮುಖ್ಯ ನಿಯಮವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕನಸಿನಿಂದ ಹಲಾಲ್ ಹರಾಮಾಗದು, ಹರಾಮ್ ಹಲಾಲಾಗದು. ಕನಸಿನಿಂದ ಯಾರ ಮೇಲೂ ಕಳ್ಳತನದ ಆರೋಪ ಹೊರಿಸುವಂತಿಲ್ಲ. ಸೊಸೆಗೆ ಕೆಟ್ಟ ಹೆಸರು ತರುವಂತಿಲ್ಲ. ನಿಶ್ಚಯವಾದ ಮದುವೆ ಮುರಿಯುವಂತಿಲ್ಲ. ಅಝಾನಿನ ಪದಗಳನ್ನು ಹಝ್ರತ್ ಅಬ್ದುಲ್ಲಾ ಬಿನ್ ಝೈದ್(ರ) ಕನಸಿನಲ್ಲಿ ಕೇಳಿದರು, ಹಝ್ರತ್ ಉಮರ್(ರ) ಕೂಡ ಅಂತಹುದೇ ಕನಸು ಕಂಡಿದ್ದರು (ಅಬೂದಾವೂದ್). ಆದರೂ ಅದು ಶರೀಅತ್ ಆದದ್ದು ಕನಸಿನಿಂದಲ್ಲ, ಪ್ರವಾದಿವರ್ಯರು(ಸ) ಅದನ್ನು ಅಂಗೀಕರಿಸಿದ್ದರಿಂದ. ಇಂದು ಹಾಗೆ ಅಂಗೀಕರಿಸುವ ಪ್ರವಾದಿ ನಮ್ಮ ನಡುವೆ ಇಲ್ಲ. ಅವರು ಬಿಟ್ಟುಹೋದ ಕುರ್‌ಆನ್ ಮತ್ತು ಸುನ್ನತ್ ಇವೆ.

ಯಮಾಮಾ ಯುದ್ಧದಲ್ಲಿ ಹುತಾತ್ಮರಾದ ಹಝ್ರತ್ ಸಾಬಿತ್ ಬಿನ್ ಕೈಸ್(ರ) ಅವರ ಘಟನೆ ಗ್ರಂಥಗಳಲ್ಲಿ ವರದಿಯಾಗಿದೆ. ಅವರು ಒಬ್ಬರ ಕನಸಿನಲ್ಲಿ ಕಾಣಿಸಿಕೊಂಡು, ತಮ್ಮ ಕವಚವನ್ನು ಯಾರೋ ಒಯ್ದಿರುವುದನ್ನೂ ಅದು ಇರುವ ಜಾಗವನ್ನೂ ತಮ್ಮ ಮೇಲಿರುವ ಸಾಲವನ್ನೂ ತಿಳಿಸಿದರೆಂದು ಅದರಲ್ಲಿದೆ. ಹೋಗಿ ನೋಡಿದಾಗ ಕವಚ ಹೇಳಿದ ಜಾಗದಲ್ಲೇ ಸಿಕ್ಕಿತು. ಬಳಿಕ ಹಝ್ರತ್ ಅಬೂಬಕರ್(ರ) ಅವರ ಮಾತನ್ನು ವಸಿಯ್ಯತ್‌ನಂತೆ ಜಾರಿಗೊಳಿಸಿದರು. ಗಮನಿಸಿ, ಮೊದಲು ಹೋಗಿ ನೋಡಿದರು, ಆಮೇಲೆ ಕ್ರಮ ಕೈಗೊಂಡರು. ಎಚ್ಚರದಲ್ಲಿ ಪರಿಶೀಲಿಸದೆ ಕನಸನ್ನು ಜಾರಿಗೊಳಿಸಲಿಲ್ಲ.

ಇಸ್ತಿಖಾರಾದ ಕುರಿತೂ ನಮ್ಮಲ್ಲೊಂದು ತಪ್ಪು ಕಲ್ಪನೆಯಿದೆ. ಎರಡು ರಕ್‌ಅತ್ ನಮಾಝ್ ಮಾಡಿ ಮಲಗಿದರೆ ಹಸಿರೋ ಕೆಂಪೋ ಕನಸಿನಲ್ಲಿ ಕಾಣಲೇಬೇಕೆಂದು ಜನ ಕಾಯುತ್ತಾರೆ. ಹಝ್ರತ್ ಜಾಬಿರ್(ರ) ವರದಿ ಮಾಡಿದ ಇಸ್ತಿಖಾರಾದ ಹದೀಸ್‌ನಲ್ಲಿ (ಬುಖಾರಿ) ಕನಸಿನ ಪ್ರಸ್ತಾಪವೇ ಇಲ್ಲ. ಅದು ಒಳಿತನ್ನು ಬೇಡುವ ಪ್ರಾರ್ಥನೆ. ಪ್ರಾರ್ಥಿಸಿ, ವಿಚಾರಿಸಿ, ತಿಳಿದವರೊಡನೆ ಸಮಾಲೋಚಿಸಿ, ಅಲ್ಲಾಹನ ಮೇಲೆ ಭರವಸೆಯಿಟ್ಟು ಮುಂದುವರಿಯಿರಿ.

ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು?

ಹನ್ನೊಂದು ನಕ್ಷತ್ರಗಳ ಕನಸನ್ನು ಸಹೋದರರಿಗೆ ಹೇಳಬೇಡವೆಂದು ಯಾಕೂಬ್(ಅ) ಮಗನನ್ನು ಎಚ್ಚರಿಸಿದರು (12:5). ಒಳ್ಳೆಯ ಕನಸನ್ನು ಪ್ರೀತಿಪಾತ್ರರಿಗೆ ಮಾತ್ರ ಹೇಳಬೇಕು. ಕೆಟ್ಟ ಕನಸು ಕಂಡರೆ ಅಲ್ಲಾಹನ ಅಭಯ ಯಾಚಿಸಿ, ಎಡಗಡೆಗೆ ಮೂರು ಬಾರಿ ಲಘುವಾಗಿ ಉಗುಳುವಂತೆ ಊದಿ, ಮಗ್ಗುಲು ಬದಲಿಸಬೇಕು. ಸಾಧ್ಯವಾದರೆ ಎದ್ದು ನಮಾಝ್ ಮಾಡಬೇಕು. ಅದನ್ನು ಜನರ ಮುಂದೆ ಹರಡಬಾರದು. ಅದು ಯಾವ ಹಾನಿಯನ್ನೂ ಮಾಡದು ಎಂಬುದು ಪ್ರವಾದಿವರ್ಯರ(ಸ) ಬೋಧನೆಯ ಸಾರ (ಬುಖಾರಿ, ಮುಸ್ಲಿಮ್). ತನ್ನ ತಲೆ ಕಡಿದು ಉರುಳುತ್ತಾ ಹೋದಂತೆ, ತಾನು ಅದರ ಹಿಂದೆ ಓಡಿದಂತೆ ಕನಸು ಕಂಡೆನೆಂದು ಒಬ್ಬ ಗ್ರಾಮೀಣ ಅರಬ ಹೇಳಿದಾಗ, ನಿದ್ರೆಯಲ್ಲಿ ಶೈತಾನನು ನಿನ್ನೊಡನೆ ಆಡಿದ ಆಟವನ್ನು ಜನರಿಗೆ ಹೇಳುತ್ತಾ ತಿರುಗಬೇಡವೆಂದು ಪ್ರವಾದಿವರ್ಯರು(ಸ) ಬುದ್ಧಿ ಹೇಳಿದರು (ಮುಸ್ಲಿಮ್).

ತಾಬೀರ್ ಹೇಳುವ ವಿಷಯದಲ್ಲಿ ಒಂದು ಘಟನೆ ಸಾಕು. ಒಬ್ಬರು ಕಂಡ ಕನಸಿಗೆ ಪ್ರವಾದಿವರ್ಯರ(ಸ) ಸಮ್ಮುಖದಲ್ಲೇ ಹಝ್ರತ್ ಅಬೂಬಕರ್(ರ) ಅರ್ಥ ಹೇಳಿದರು. ಸ್ವಲ್ಪ ಸರಿ, ಸ್ವಲ್ಪ ತಪ್ಪು ಎಂಬುದೇ ಅವರಿಗೆ ಸಿಕ್ಕ ಉತ್ತರ (ಬುಖಾರಿ, ಮುಸ್ಲಿಮ್). ಸಮುದಾಯದ ಅತಿ ಶ್ರೇಷ್ಠ ವ್ಯಕ್ತಿಯೇ ಅರ್ಥ ಹೇಳುವಾಗ ತಪ್ಪಿದರೆಂದ ಮೇಲೆ, ಹಣ ಪಡೆದು ಖಚಿತ ಅರ್ಥ ಹೇಳುವವನ ಮಾತಿಗೆ ಏನು ಬೆಲೆ? ತಾಬೀರಿಗೆ ಹೆಸರಾದ ಬಸ್ರಾದ ಇಮಾಮ್ ಇಬ್ನು ಸೀರೀನ್ ಹಿಜರಿ 110ರಲ್ಲಿ (ಕ್ರಿ.ಶ. 729) ನಿಧನರಾದರು. ಅವರ ಹೆಸರಿನಲ್ಲಿ ಮಾರಾಟವಾಗುವ ಕನಸಿನ ಗ್ರಂಥ ಅವರೇ ಬರೆದದ್ದಲ್ಲ, ಶತಮಾನಗಳ ನಂತರ ಸಂಕಲಿತವಾದದ್ದೆಂದು ಸಂಶೋಧಕರು ಹೇಳುತ್ತಾರೆ. ಇಬ್ಬರು ಬಂದು ತಾವು ಅಝಾನ್ ಕೊಟ್ಟಂತೆ ಕನಸು ಕಂಡೆವೆಂದಾಗ ಒಬ್ಬನಿಗೆ ಹಜ್ಜ್ ಎಂದೂ ಇನ್ನೊಬ್ಬನಿಗೆ ಕಳ್ಳತನವೆಂದೂ ಅರ್ಥ ಹೇಳಿದರೆಂಬ ಕಥೆ ಅವರ ಬಗ್ಗೆ ಪ್ರಚಲಿತವಿದೆ. ಕನಸು ಒಂದೇ, ಮನುಷ್ಯರು ಬೇರೆ. ಹಾವು ಕಂಡರೆ ಇಂತಿಂಥದು, ಹಲ್ಲು ಬಿದ್ದರೆ ಇಂತಿಂಥದು ಎಂದು ಪಟ್ಟಿ ಮಾಡಿ ಮಾರುವ ಖ್ವಾಬ್‌ನಾಮಾಗಳ ದೌರ್ಬಲ್ಯ ಇದರಿಂದಲೇ ತಿಳಿಯುತ್ತದೆ.

ಇನ್ನು, ಕಾಣದ ಕನಸನ್ನು ಕಂಡೆನೆಂದು ಹೇಳುವುದು ಘೋರ ಪಾಪ. ಅಂಥವನಿಗೆ ಪರಲೋಕದಲ್ಲಿ ಎರಡು ಜವೆಯ ಕಾಳುಗಳನ್ನು ಗಂಟು ಹಾಕಲು ಹೇಳಲಾಗುವುದು, ಅದು ಅವನಿಂದ ಆಗದು ಎಂಬ ಎಚ್ಚರಿಕೆ ಇದೆ (ಬುಖಾರಿ). ಮನೆಯವರನ್ನು ತನ್ನ ಇಷ್ಟಕ್ಕೆ ಒಪ್ಪಿಸಲು "ಅಬ್ಬಾ ನನ್ನ ಕನಸಿನಲ್ಲಿ ಬಂದು ಹೀಗೆ ಹೇಳಿದರು" ಎನ್ನುವವರು ಇದನ್ನು ನೆನಪಿಡಲಿ.

ಔಷಧ ಬೇಕಾದ ಕನಸುಗಳೂ ಇವೆ

ಅಪಘಾತ, ಹಿಂಸೆ, ಆತ್ಮೀಯರ ಹಠಾತ್ ಮರಣ, ಇವುಗಳ ಬಳಿಕ ಅದೇ ಭಯಾನಕ ದೃಶ್ಯ ರಾತ್ರಿ ರಾತ್ರಿ ಮರಳಿ ಬಂದು ಮನುಷ್ಯನು ನಿದ್ರೆಗೇ ಹೆದರುವಂತಾದರೆ ಅದೊಂದು ಕಾಯಿಲೆಯ ಲಕ್ಷಣವಾಗಿರಬಹುದು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ದುಃಸ್ವಪ್ನಗಳು ಬರುವುದುಂಟು. ಇದಕ್ಕೆ ಚಿಕಿತ್ಸೆಯಿದೆ. ಹಗಲು ಹೊತ್ತಿನಲ್ಲಿ ಆ ಕನಸನ್ನು ಬರೆದು, ಅದರ ಅಂತ್ಯವನ್ನು ಶಾಂತವಾಗಿ ಬದಲಿಸಿ, ದಿನವೂ ಮನಸ್ಸಿನಲ್ಲಿ ಅಭ್ಯಾಸ ಮಾಡಿಸುವ ಕ್ರಮದಿಂದ ಅನೇಕರಿಗೆ ಉಪಶಮನ ದೊರೆತಿದೆ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಲು ನಾಚಿಕೆ ಬೇಡ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಚಿಕಿತ್ಸೆ ಪಡೆಯುವುದು ಸುನ್ನತ್ತಿಗೆ ವಿರುದ್ಧವಲ್ಲ. ದುಆ ಮತ್ತು ಔಷಧ ಒಂದರೊಡನೊಂದು ಜಗಳವಾಡುವುದಿಲ್ಲ.

ಹೊಸ್ತಿಲ ಬಳಿ ನಿಂತವರು

ಈಗ ಮಸರಕಲ್ಲಿನ ಆ ಮನೆಗೆ ಮರಳೋಣ. ತಾಯಿ ತಾಬೀರ್ ಹೇಳುವವನ ಬಳಿ ಹೋಗಲಿಲ್ಲವೆಂದುಕೊಳ್ಳಿ. ಬದಲಿಗೆ, ಬರೆಯಲು ಬಾರದ ಆಕೆ ಎಂಟನೇ ತರಗತಿಯ ಮಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆಸುತ್ತಾರೆ. ಕನಸು ಬಿದ್ದ ದಿನಾಂಕ, ಕಂಡದ್ದು, ಎದ್ದಾಗ ಮನಸ್ಸಿಗೆ ಆದದ್ದು, ಹಿಂದಿನ ಹಗಲು ಮನೆಯಲ್ಲಿ ನಡೆದದ್ದು. ಇಷ್ಟೇ. ಒಂದೂವರೆ ತಿಂಗಳಲ್ಲಿ ಕನಸು ಐದು ಸಲ ಬಿದ್ದಿದೆ. ಐದನ್ನೂ ಒಟ್ಟಿಗೆ ಓದಿಸಿಕೊಂಡಾಗ ಒಂದು ಸಂಗತಿ ಕಾಣುತ್ತದೆ. ಪ್ರತಿ ಸಲವೂ ಹಿಂದಿನ ದಿನ ಹೊಲದ ಮಾತು ಬಂದಿದೆ, ಇಲ್ಲವೇ ಮಾನ್ವಿಗೆ ಮದುವೆಯಾಗಿ ಹೋದ ನಾದಿನಿಯ ಫೋನು ಬಂದಿದೆ.

ಆಗ ಆಕೆ ತನ್ನಷ್ಟಕ್ಕೇ ತಾನು ಒಪ್ಪಿಕೊಳ್ಳುತ್ತಾರೆ. ಮಾವನವರು ಬಿಟ್ಟುಹೋದದ್ದು ಆರು ಎಕರೆ. ಮಕ್ಕಳು ಇಬ್ಬರೇ, ಒಬ್ಬ ಮಗ, ಒಬ್ಬ ಮಗಳು. ಬೇರೆ ವಾರಸುದಾರರಿರಲಿಲ್ಲ. ಕುರ್‌ಆನಿನ ಪ್ರಕಾರ (4:11) ಅದರಲ್ಲಿ ಎರಡು ಎಕರೆ ಮಗಳದು. "ಈ ಸಲ ಹ���್ತಿ ಬರಲಿ, ತಂಗಿಯ ಲೆಕ್ಕ ಮುಗಿಸಿಬಿಡೋಣ" ಎಂದು ಪತಿ ಪ್ರತಿ ವರ್ಷ ಹೇಳುತ್ತಿದ್ದರು. ಮುಗಿಸಲಿಲ್ಲ. ತಂಗಿ ಬಾಯಿಬಿಟ್ಟು ಕೇಳಲಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ. ನಮ್ಮ ಎಷ್ಟೋ ಸಹೋದರಿಯರ ಮೌನದ ಹಿಂದೆ ಇದೇ ಭಯವಿದೆ.

ಪತಿ ನಿಜವಾಗಿಯೂ ಬಂದು ನಿಂತಿದ್ದರೇ? ಅದು ಅಲ್ಲಾಹನಿಗೆ ಗೊತ್ತು. ನಾವು ಅದನ್ನು ಪ್ರಮಾಣ ಮಾಡಿ ಹೇಳಲಾರೆವು, ಹೇಳಬೇಕಾಗಿಯೂ ಇಲ್ಲ. ಏಕೆಂದರೆ ನಾದಿನಿಯ ಎರಡು ಎಕರೆ ಕನಸಿನಿಂದ ಸಾಬೀತಾಗಬೇಕಾದ ಹಕ್ಕಲ್ಲ. ಕನಸು ಬಿದ್ದರೂ ಅದು ಹಕ್ಕೇ, ಬೀಳದಿದ್ದರೂ ಹಕ್ಕೇ. ಆ ಕನಸು ಆಕೆಗೆ ಹೊಸದೇನನ್ನೂ ತಿಳಿಸಲಿಲ್ಲ. ಆಕೆಯ ಮನಸ್ಸಿಗೆ ಮೊದಲೇ ತಿಳಿದಿದ್ದ, ಆದರೆ ಹಗಲಿನಲ್ಲಿ ಮುಖ ತಿರುಗಿಸಿಕೊಂಡಿದ್ದ ಕರ್ತವ್ಯವನ್ನು ಅದು ನೆನಪಿಸಿತು. ತಾಯಿತ, ಕೋಳಿ, ಕಾಣಿಕೆಗಳು ಆ ಕರ್ತವ್ಯವನ್ನು ತೀರಿಸುತ್ತಿರಲಿಲ್ಲ. ಅದರ ಮೇಲೆ ಇನ್ನೊಂದು ಮುಸುಕು ಹಾಕುತ್ತಿದ್ದವು, ಅಷ್ಟೇ.

ಎರಡು ಎಕರೆ ಬಿಟ್ಟುಕೊಡುವುದು ಸುಲಭದ ಮಾತಲ್ಲ. ಮಕ್ಕಳು ಚಿಕ್ಕವರು. ಆದಾಯ ಕಡಿಮೆಯಾಗುತ್ತದೆ. ಊರವರು ಹುಚ್ಚಿ ಎನ್ನಬಹುದು. ಆದರೂ ಮೃತರ ಸಾಲ ಮತ್ತು ವಸಿಯ್ಯತ್ ತೀರಿದ ಮೇಲೆಯೇ ಆಸ್ತಿಯ ಹಂಚಿಕೆ ಎಂದು ಕುರ್‌ಆನ್ ವಿಧಿಸಿದೆ (4:11-12). ಇನ್ನೊಬ್ಬರ ಪಾಲಂತೂ ಮೃತರ ಆಸ್ತಿಯೇ ಅಲ್ಲ. ಆಕೆ ಹಿರಿಯರೊಬ್ಬರನ್ನೂ ತಿಳಿದ ಆಲಿಮರೊಬ್ಬರನ್ನೂ ಕೂರಿಸಿಕೊಂಡು ನಾದಿನಿಯನ್ನು ಕರೆಸಿ ಲೆಕ್ಕ ಬಿಚ್ಚುತ್ತಾರೆಂದುಕೊಳ್ಳಿ. ಆ ಬಳಿಕ ಕನಸು ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಅಗಲಿದ ಪತಿಯನ್ನು ಹೆಂಡತಿ ಕನಸಿನಲ್ಲಿ ಕಾಣುವುದು ಪ್ರೀತಿಯಿಂದಲೂ ಆಗಿರಬಹುದಲ್ಲವೇ? ಆದರೆ ಇನ್ನು ಮುಂದೆ ಆಕೆ ಅವರನ್ನು ಕಂಡರೆ ಬೆಚ್ಚಿ ಏಳಬೇಕಾಗಿಲ್ಲ. ಎದ್ದು ವುಝೂ ಮಾಡಿ, ಅವರಿಗಾಗಿ ಕ್ಷಮೆ ಬೇಡಿ, ಫಜ್ರ್‌ಗೆ ನಿಲ್ಲಬಹುದು.

ನೆನಪಿಡಬೇಕಾದ ಅಂಶಗಳು

1. ವುಝೂ ಮಾಡಿ, ಹಾಸಿಗೆ ಕೊಡವಿ, ಆಯತುಲ್ ಕುರ್ಸಿ ಓದಿ, ಬಲ ಮಗ್ಗುಲಲ್ಲಿ ಮಲಗಿರಿ. ಎದ್ದಾಗ ಮರಳಿ ಜೀವ ಕೊಟ್ಟ ಅಲ್ಲಾಹನನ್ನು ಸ್ತುತಿಸಿರಿ.

2. ಮರುಕಳಿಸುವ ಕನಸನ್ನು ದಿನಾಂಕ ಮತ್ತು ಹಿಂದಿನ ದಿನದ ಸಂಗತಿಯೊಂದಿಗೆ ಬರೆದಿಡಿರಿ. ಕೆಲವು ವಾರಗಳ ಬಳಿಕ ಒಟ್ಟಿಗೆ ಓದಿರಿ. ಬರಹ ನಿಮ್ಮದಾಗಿಯೇ ಇರಲಿ, ಬೀದಿಯ ಮಾತಾಗದಿರಲಿ.

3. ಓದಿದ ಬಳಿಕ ನಿಮ್ಮನ್ನೇ ಕೇಳಿಕೊಳ್ಳಿರಿ: ನಾನು ತೀರಿಸದ ಸಾಲ, ಕೊಡದ ಪಾಲು, ಕೇಳದ ಕ್ಷಮೆ, ಹೋಗದ ಮನೆ ಯಾವುದಾದರೂ ಇದೆಯೇ? ಇದ್ದರೆ ಕನಸಿನ ಅರ್ಥ ಹುಡುಕುವುದನ್ನು ಬಿಟ್ಟು ಆ ಕೆಲಸವನ್ನು ಮಾಡಿರಿ.

4. ಕೆಟ್ಟ ಕನಸನ್ನು ಹರಡಬೇಡಿ. ಹಣ ಪಡೆದು ಅರ್ಥ ಹೇಳುವವರ ಬಳಿ ಹೋಗಬೇಡಿ. ನಿದ್ರೆಯೇ ಕೆಡುವಂತಿದ್ದರೆ ವೈದ್ಯರ ಬಳಿ ಹೋಗಿರಿ.

5. ಕನಸಿನ ಹೆಸರಿನಲ್ಲಿ ಯಾರ ಮಾನ, ಮದುವೆ, ಆಸ್ತಿಗಳನ್ನೂ ಮುಟ್ಟಬೇಡಿ.

ಪ್ರಿಯ ಓದುಗರೇ, ಇಂದು ರಾತ್ರಿ ನೀವು ಏನು ಕಾಣುವಿರೆಂಬುದು ನಿಮ್ಮ ಕೈಯಲ್ಲಿಲ್ಲ. ಮಲಗುವ ಮುನ್ನ ಯಾರ ಹಕ್ಕನ್ನು ಮರಳಿಸಿ ಮಲಗುವಿರೆಂಬುದು ನಿಮ್ಮ ಕೈಯಲ್ಲಿದೆ. ನಮ್ಮ ಎಚ್ಚರವನ್ನೂ ನಿದ್ರೆಯನ್ನೂ ಅಲ್ಲಾಹನು ಸತ್ಯದಿಂದ ತುಂಬಲಿ, ಅಗಲಿದವರ ಬಾಕಿಗಳನ್ನು ತೀರಿಸುವ ಶಕ್ತಿಯನ್ನು ಉಳಿದವರಿಗೆ ದಯಪಾಲಿಸಲಿ. ಆಮೀನ್.